ಕಾವು ಮುಗಿಸಿದ ಹೇಂಟೆ ಮತ್ತು ಹೂಮರಿಗಳು: ಗುಂಪಿನಲ್ಲೇ ಬಿಡಬೇಕೇ, ಬೇರೆ ಇಡಬೇಕೇ?

ಪ್ರಶ್ನೆ: ಹಿತ್ತಿಲಗೂಡು

ಎಲ್ಲರಿಗೂ ನಮಸ್ಕಾರ.

ಕಾವಿಗೆ ಕೂತಿದ್ದ ನಮ್ಮ ಹೇಂಟೆಯ ಮೊಟ್ಟೆಗಳು ಇಂದು ಬೆಳಗಿನಿಂದ ಒಡೆಯತೊಡಗಿವೆ. ರೆಕ್ಕೆಯ ಅಂಚಿನಿಂದ ಒಂದೆರಡು ಪುಟ್ಟ ತಲೆಗಳು ಇಣುಕಿ ಮತ್ತೆ ಒಳಸೇರುತ್ತಿವೆ. ಎಷ್ಟು ಮರಿಗಳಾಗಿವೆಯೆಂದು ಎಣಿಸಲು ಹೇಂಟೆ ಬಿಡುತ್ತಿಲ್ಲ; ಕೈ ಹತ್ತಿರ ತಂದರೆ ಗರಿ ಕೆದರಿಕೊಂಡು ಕುಕ್ಕಲು ಬರುತ್ತದೆ. ಇದುವರೆಗೆ ಬೆಳೆದ ಕೋಳಿಗಳನ್ನೇ ತಂದು ಸಾಕಿರುವ ನನಗೆ, ತಾಯಿಯ ಜೊತೆಯಲ್ಲಿ ಹೂಮರಿಗಳನ್ನು ಬೆಳೆಸುವುದು ಹೊಸ ವಿಷಯ. ಆದ್ದರಿಂದ ತಿಳಿದವರ ಸಲಹೆಯನ್ನು ಕೋರುತ್ತಿದ್ದೇನೆ.

ಹೇಂಟೆ ಕೂತಿರುವುದು ನೆಲದಿಂದ ಸೊಂಟದೆತ್ತರದಲ್ಲಿರುವ ಮೊಟ್ಟೆ ಪೆಟ್ಟಿಗೆಯಲ್ಲಿ. ಅದೇ ಗೂಡಿನಲ್ಲಿ ಬೇರೆ ಹೇಂಟೆಗಳೂ ಒಂದು ಹುಂಜವೂ ಇವೆ. ತಾಯಿಮರಿಗಳನ್ನು ಈಗಲೇ ಕೆಳಗಿಳಿಸಿ ಬೇರೆ ಜಾಗದಲ್ಲಿ ಇಡಬೇಕೇ, ಅಥವಾ ಅಲ್ಲಿಯೇ ಬಿಟ್ಟು ನೋಡಬೇಕೇ? ಮರಿಗಳು ಬೆಳಗಿನಿಂದ ಏನನ್ನೂ ತಿಂದಿಲ್ಲ, ಕುಡಿದಿಲ್ಲ. ಪೆಟ್ಟಿಗೆಯೊಳಗೇ ನೀರು ಮತ್ತು ಆಹಾರ ಇಡುವುದು ಸರಿಯೇ? ಗೂಡಿನಲ್ಲಿರುವುದು ಮೊಟ್ಟೆ ಕೋಳಿಗಳಿಗೆ ಕೊಡುವ ಲೇಯರ್ ಆಹಾರ. ಅದನ್ನೇ ಪುಡಿ ಮಾಡಿ ಮರಿಗಳಿಗೂ ಕೊಡಬಹುದೇ? ಕಾವಿನ ನಡುವೆ ಬೇರೆ ಹೇಂಟೆಗಳು ಇದರ ಗೂಡಿಗೆ ನುಗ್ಗಿ ಮೊಟ್ಟೆ ಇಟ್ಟಿರುವ ಸಾಧ್ಯತೆಯೂ ಇದೆ. ತಡವಾಗಿ ಸೇರಿದ ಆ ಮೊಟ್ಟೆಗಳನ್ನು ಏನು ಮಾಡಬೇಕು?

ಕೊನೆಯದಾಗಿ, ಪರಿಚಿತರೊಬ್ಬರ ಇನ್‌ಕ್ಯುಬೇಟರಿನಲ್ಲಿ ನಿನ್ನೆಯಷ್ಟೇ ಹೊರಬಂದ ಕೆಲವು ಮರಿಗಳಿವೆ. ಅವುಗಳನ್ನೂ ಈ ಹೇಂಟೆಗೆ ಒಪ್ಪಿಸಬಹುದೆಂದು ಅವರು ಹೇಳುತ್ತಿದ್ದಾರೆ. ಹೇಂಟೆ ಒಪ್ಪಿಕೊಳ್ಳುತ್ತದೆಯೇ?

ಉತ್ತರ: ಹಳೆಯ ಸಾಕಣೆದಾರ

ಇಂದು ಮತ್ತು ನಾಳೆ ನೀವು ಮಾಡಬೇಕಾದ ಮುಖ್ಯ ಕೆಲಸ ಸುಮ್ಮನಿರುವುದು. ಮರಿ ಹೊರಬರುವ ಮುನ್ನ ಮೊಟ್ಟೆಯಲ್ಲಿ ಉಳಿದ ಹಳದಿ ಭಾಗವನ್ನು ತನ್ನ ಹೊಟ್ಟೆಯೊಳಕ್ಕೆ ಸೆಳೆದುಕೊಂಡಿರುತ್ತದೆ. ಆ ಬುತ್ತಿಯಿಂದಲೇ ಅದು ಅನ್ನನೀರಿಲ್ಲದೆ ಎರಡು ದಿನ, ಕೆಲವೊಮ್ಮೆ 72 ಗಂಟೆಗಳವರೆಗೂ ಇರಬಲ್ಲದು; ಒಂದು ದಿನದ ಮರಿಗಳನ್ನು ರಟ್ಟಿನ ಪೆಟ್ಟಿಗೆಗಳಲ್ಲಿ ದೂರದೂರುಗಳಿಗೆ ಸಾಗಿಸಲು ಸಾಧ್ಯವಾಗಿರುವುದೂ ಇದರಿಂದಲೇ. ಒಂದೇ ಕಾವಿನ ಮೊಟ್ಟೆಗಳೆಲ್ಲ ಒಂದೇ ಗಳಿಗೆಯಲ್ಲಿ ಒಡೆಯುವುದಿಲ್ಲವಾದ್ದರಿಂದ, ಮೊದಲು ಬಂದ ಮರಿ ಕೊನೆಯದಕ್ಕಾಗಿ ಕಾಯಲು ಅನುಕೂಲವಾಗುವಂತೆ ಈ ಏರ್ಪಾಡಿದೆ. ನೀವು ಈಗಲೇ ಪೆಟ್ಟಿಗೆಯೊಳಗೆ ಆಹಾರ ಇಟ್ಟರೆ ಹೇಂಟೆ ಎದ್ದು ಕೆದಕತೊಡಗುತ್ತದೆ. ಅರ್ಧ ಒಡೆದ ಮೊಟ್ಟೆಗಳು ಉರುಳುತ್ತವೆ, ತಣ್ಣಗಾಗುತ್ತವೆ. ನೀರಿಟ್ಟರೆ ಚೆಲ್ಲಿ ಗೂಡು ಒದ್ದೆಯಾಗುತ್ತದೆ. ಎರಡೂ ಬೇಡ.

ಮೊಟ್ಟೆಯಲ್ಲಿ ರಂಧ್ರ ಕಾಣಿಸಿಕೊಂಡು ಗಂಟೆಗಳು ಕಳೆದರೂ ಮರಿ ಹೊರಬರಲಿಲ್ಲವೆಂದು ಅನೇಕರು ಗಾಬರಿಯಾಗುತ್ತಾರೆ. ಕೋಳಿಯ ಕಾವಿನ ಅವಧಿ 21 ದಿನ. ಕೊನೆಯ ಒಂದೆರಡು ದಿನಗಳಲ್ಲಿ ಮರಿಯು ಮೊದಲು ಮೊಟ್ಟೆಯ ಅಗಲ ತುದಿಯಲ್ಲಿರುವ ಗಾಳಿಯ ಕೋಣೆಗೆ ಕೊಕ್ಕು ತೂರಿಸಿ ಉಸಿರಾಡಲು ಕಲಿಯುತ್ತದೆ, ಅನಂತರ ಚಿಪ್ಪಿನಲ್ಲಿ ಸಣ್ಣ ತೂತು ಮಾಡುತ್ತದೆ, ಆಮೇಲೆ 12ರಿಂದ 24 ಗಂಟೆಗಳ ಕಾಲ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ನೋಡುವವರಿಗೆ ಅದು ಸೋತಂತೆ ಕಂಡರೂ ಒಳಗೆ ಕೆಲಸ ನಡೆದಿರುತ್ತದೆ: ಚಿಪ್ಪಿನ ಒಳಪೊರೆಯ ರಕ್ತನಾಳಗಳಲ್ಲಿದ್ದ ರಕ್ತ ಮರಿಯ ದೇಹಕ್ಕೆ ಹಿಂದಿರುಗುತ್ತಿರುತ್ತದೆ, ಹಳದಿ ಒಳಸೇರುತ್ತಿರುತ್ತದೆ. ಆ ಹೊತ್ತಿನಲ್ಲಿ ಉಗುರಿನಿಂದ ಚಿಪ್ಪು ಬಿಡಿಸಿದರೆ ರಕ್ತ ಸೋರಿ ಮರಿ ಉಳಿಯುವುದಿಲ್ಲ. ಹೇಂಟೆಯ ಕೆಳಗಿರುವ ಮೊಟ್ಟೆಗೆ ಬೇಕಾದ ಬಿಸಿಯೂ ತೇವವೂ ಅಲ್ಲಿಯೇ ಇವೆ. ಜೊತೆಗೆ, ಹೊರಬರುವ ಮೊದಲೇ ಮರಿಗಳು ಚಿಪ್ಪಿನೊಳಗಿನಿಂದ ಚಿಂವ್ ಎನ್ನುತ್ತವೆ, ಹೇಂಟೆ ತಗ್ಗಿದ ದನಿಯಲ್ಲಿ ಲೊಕ್ ಲೊಕ್ ಎಂದು ಉತ್ತರಿಸುತ್ತದೆ. ಈ ಸಂಭಾಷಣೆಯ ಮೂಲಕವೇ ಅವು ಪರಸ್ಪರ ದನಿಯನ್ನು ಗುರುತು ಹಿಡಿಯತೊಡಗುತ್ತವೆ. ಪದೇಪದೇ ಹೇಂಟೆಯನ್ನು ಎತ್ತಿ ನೋಡುವುದು ಈ ಸಂಬಂಧಕ್ಕೂ ಅಡ್ಡಿ.

ಇನ್ನು ಜಾಗದ ವಿಷಯ. ಸೊಂಟದೆತ್ತರದ ಪೆಟ್ಟಿಗೆ ಕಾವಿಗೆ ಸರಿ, ಮರಿಗಳಿಗೆ ಸರಿಯಲ್ಲ. ಕೆಳಗೆ ಬಿದ್ದ ಮರಿಗೆ ಪೆಟ್ಟೇನೂ ಆಗದಿರಬಹುದು, ಆದರೆ ಅದು ಮತ್ತೆ ಮೇಲೇರಲಾರದು. ಉಳಿದ ಮೊಟ್ಟೆಗಳನ್ನು ಬಿಟ್ಟು ತಾಯಿಯೂ ಇಳಿಯುವುದಿಲ್ಲ. ಮರಿ ನೆಲದಲ್ಲಿ ಕೂಗುತ್ತ ಚಳಿಹಿಡಿದು ಸಾಯುತ್ತದೆ. ಆದ್ದರಿಂದ ಬಹುಪಾಲು ಮರಿಗಳು ಹೊರಬಂದು ಗರಿ ಒಣಗಿ ಉಣ್ಣೆಯಂತಾದ ಮೇಲೆ, ಅಂದರೆ ನಾಳೆ ಕತ್ತಲಾದ ನಂತರ, ಕೆಳಗಿಳಿಸಿ. ಅಲ್ಲಿಯವರೆಗೆ ಪೆಟ್ಟಿಗೆಯ ಬಾಯಿಗೆ ಅಂಗೈ ಅಗಲದ ಹಲಗೆ ಅಡ್ಡ ಕಟ್ಟಿ, ಪೆಟ್ಟಿಗೆಯ ಕೆಳಗೆ ನೆಲದಲ್ಲಿ ಒಣಹುಲ್ಲು ಹರಡಿ. ರಾತ್ರಿ ಮಂದ ಬೆಳಕಿನಲ್ಲಿ ಕೆಲಸ ಮಾಡಿದರೆ ಕೋಳಿ ಗಲಿಬಿಲಿಗೊಳ್ಳುವುದಿಲ್ಲ. ಹೇಂಟೆಯನ್ನು ಎತ್ತುವ ಮೊದಲು ಎರಡೂ ರೆಕ್ಕೆಗಳ ಕೆಳಗೆ ಬೆರಳಾಡಿಸಿ ನೋಡಿ. ಮರಿಗಳು ರೆಕ್ಕೆಯ ಸಂದಿಗೆ ತೂರಿಕೊಂಡು ಮಲಗಿರುತ್ತವೆ, ಎತ್ತಿದ ಕೂಡಲೇ ಅಷ್ಟೆತ್ತರದಿಂದ ಜಾರಿ ಬೀಳುತ್ತವೆ. ಮರಿಗಳನ್ನು ಮೊದಲು ಬಟ್ಟೆ ಹಾಸಿದ ಬುಟ್ಟಿಗೆ ತೆಗೆದುಕೊಂಡು ಹೊಸ ಜಾಗದಲ್ಲಿ ಬಿಟ್ಟು, ಅವುಗಳ ಕೂಗು ಕೇಳಿಸುವಂತೆ ಹೇಂಟೆಯನ್ನು ಪಕ್ಕದಲ್ಲಿ ಇಳಿಸಿದರೆ ಅದು ತಾನೇ ಅವುಗಳ ಮೇಲೆ ಕೂರುತ್ತದೆ.

ಹೊಸ ಜಾಗ ಅದೇ ಗೂಡಿನ ಒಂದು ಮೂಲೆಯಾಗಿರಲಿ, ತಂತಿಬಲೆಯಿಂದ ಬೇರ್ಪಟ್ಟಿರಲಿ. ಬಲೆಯ ಕಂಡಿ ಅರ್ಧ ಅಂಗುಲಕ್ಕಿಂತ ದೊಡ್ಡದಾಗಿರಬಾರದು. ದೊಡ್ಡ ಕಂಡಿಯಲ್ಲಿ ಮರಿ ಹೊರಗೆ ನುಸುಳುತ್ತದೆ, ಇಲಿ ಒಳಗೆ ನುಸುಳುತ್ತದೆ. ಇಲಿಗೆ ರಾತ್ರಿಯೊಂದು ಸಾಕು. ನೆಲಕ್ಕೆ ಒಣ ಮರದ ಸಿಪ್ಪೆಯೋ ಸಣ್ಣಗೆ ಕತ್ತರಿಸಿದ ಹುಲ್ಲೋ ಹಾಕಿ. ಸುದ್ದಿಪತ್ರಿಕೆ ಹಾಸಬೇಡಿ, ನುಣುಪಾದ ನೆಲದಲ್ಲಿ ಎಳೆಯ ಕಾಲುಗಳು ಎರಡು ಬದಿಗೆ ಜಾರಿ ಸೊಟ್ಟಗಾಗುತ್ತವೆ. ತಾಯಿಕೋಳಿ ತುಳಿದರೆ ಮರಿ ಸಾಯುವುದಿಲ್ಲವೆಂಬ ಮಾತನ್ನು ನಂಬಿ ಇಕ್ಕಟ್ಟಾದ ರಟ್ಟಿನ ಪೆಟ್ಟಿಗೆಯಲ್ಲಿ ಕೂಡಿಹಾಕುವವರಿದ್ದಾರೆ. ಹಿಂದೆ ಸರಿಯಲು ಜಾಗವಿಲ್ಲದ ಕಡೆ, ಅದರಲ್ಲೂ ಹೇಂಟೆ ಭಾರದ ತಳಿಯದಾಗಿದ್ದರೆ, ತುಳಿತಕ್ಕೆ ಮರಿ ಸಾಯುವುದುಂಟು.

ಲೇಯರ್ ಆಹಾರ ಮರಿಗಳಿಗೆ ಖಂಡಿತ ಬೇಡ, ಪುಡಿ ಮಾಡಿದರೂ ಬೇಡ. ಮೊಟ್ಟೆಯ ಚಿಪ್ಪಿಗಾಗಿ ಅದರಲ್ಲಿ ಶೇಕಡ 3.5ರಿಂದ 4ರಷ್ಟು ಕ್ಯಾಲ್ಸಿಯಂ ಸೇರಿಸಿರುತ್ತಾರೆ. ಮರಿಗೆ ಬೇಕಾದದ್ದು ಶೇಕಡ 1ರ ಆಸುಪಾಸು ಮಾತ್ರ. ಹೆಚ್ಚಾದದ್ದು ಎಳೆಯ ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಮರಿಗಳಿಗಾಗಿಯೇ ಮಾಡಿದ, ಶೇಕಡ 18ರಿಂದ 20ರಷ್ಟು ಪ್ರೋಟೀನ್ ಇರುವ ಸ್ಟಾರ್ಟರ್ ಪುಡಿಯನ್ನು ತಂದು ತಾಯಿಗೂ ಅದನ್ನೇ ಕೊಡಿ. ಹೇಂಟೆ ಈಗ ಮೊಟ್ಟೆ ಇಡುತ್ತಿಲ್ಲವಾದ್ದರಿಂದ ಅದಕ್ಕೆ ಕ್ಯಾಲ್ಸಿಯಂ ಕೊರತೆಯಾಗುವುದಿಲ್ಲ. ಮೂರು ವಾರ ದಿನಕ್ಕೊಮ್ಮೆ ಮಾತ್ರ ಎದ್ದು, ಗುಕ್ಕು ನೀರು, ಗುಕ್ಕು ಕಾಳು ಎಂದು ಬದುಕಿ ಮೈ ಇಳಿದಿರುವ ಹೇಂಟೆಗೆ ಆ ಪ್ರೋಟೀನ್ ಒಳ್ಳೆಯದೇ.

ತಡವಾಗಿ ಸೇರಿದ ಮೊಟ್ಟೆಗಳನ್ನು ಕುರಿತು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಾಗುತ್ತದೆ. ಮೊದಲ ಮರಿ ಹೊರಬಂದ ಒಂದೂವರೆ ಎರಡು ದಿನಗಳಲ್ಲಿ ಹೇಂಟೆ ಗೂಡು ಬಿಟ್ಟು ಮರಿಗಳೊಂದಿಗೆ ಹೊರಡುತ್ತದೆ, ಉಳಿದದ್ದು ಉಳಿಯಿತು. ನೀವು ಕೆಳಗಿಳಿಸುವಾಗ ಕತ್ತಲಲ್ಲಿ ಟಾರ್ಚಿನ ಬೆಳಕಿಗೆ ಹಿಡಿದು ನೋಡಿ. ಬೆಳಕು ಪೂರ್ತಿ ದಾಟಿದರೆ ಅದರಲ್ಲಿ ಮರಿಯಿಲ್ಲ. ಗಾಳಿಕೋಣೆಯ ಭಾಗವೊಂದನ್ನು ಬಿಟ್ಟು ಎಲ್ಲ ಕಪ್ಪಾಗಿದ್ದು, ಕಿವಿಗೆ ಹಿಡಿದರೆ ಗೀರುವ ಸದ್ದು ಕೇಳಿಸಿದರೆ ಇನ್ನೊಂದು ದಿನ ಹೇಂಟೆಯ ಕೆಳಗೆ ಇಡಬಹುದು. ಅರ್ಧ ಬೆಳೆದವುಗಳಿಗೆ ಇನ್‌ಕ್ಯುಬೇಟರ್ ಇರುವ ಪರಿಚಿತರೇ ಗತಿ. ನಾರುವ ಮೊಟ್ಟೆಯನ್ನು ಅಲುಗಿಸದೆ ಹೊರಗೆ ಒಯ್ಯಿರಿ; ಗೂಡಿನಲ್ಲಿ ಅದು ಸಿಡಿದರೆ ಆ ಕೊಳೆ ಮರಿಗಳ ಇನ್ನೂ ಒಣಗದ ಹೊಕ್ಕುಳಿಗೆ ತಗಲುತ್ತದೆ. ಮುಂದಿನ ಕಾವಿಗೆ ಮೊಟ್ಟೆ ಇಡುವಾಗ ಎಲ್ಲಕ್ಕೂ ಪೆನ್ಸಿಲಿನಿಂದ ಗೆರೆ ಎಳೆದು, ಗೆರೆಯಿಲ್ಲದವನ್ನು ಪ್ರತಿ ಸಂಜೆ ತೆಗೆದುಬಿಟ್ಟರೆ ಈ ತೊಡಕೇ ಇರುವುದಿಲ್ಲ.

ಉತ್ತರ: ತೆರೆದಗೂಡು

ಮೇಲಿನವರ ಮಾತಿನಲ್ಲಿ ಬಹುಪಾಲನ್ನು ಒಪ್ಪುತ್ತೇನೆ, ಆದರೆ ಬಲೆ ಹಾಕಿ ಬೇರ್ಪಡಿಸುವುದು ಎಲ್ಲರಿಗೂ ಅಗತ್ಯವೆಂದು ನನಗೆ ಅನಿಸುವುದಿಲ್ಲ. ಕೋಳಿಗಳಲ್ಲಿ ಮೇಲುಕೀಳಿನ ಒಂದು ಶ್ರೇಣಿ ಇರುತ್ತದೆ, ಮತ್ತು ಗುಂಪಿನಿಂದ ವಾರಗಟ್ಟಲೆ ಕಣ್ಮರೆಯಾದ ಕೋಳಿ ಹಿಂದಿರುಗಿದಾಗ ತನ್ನ ಸ್ಥಾನಕ್ಕಾಗಿ ಮತ್ತೆ ಜಗಳವಾಡಬೇಕಾಗುತ್ತದೆ. ಕಾವಿನ ಮೂರು ವಾರ ಹೇಗೂ ಗುಂಪಿನ ಕಣ್ಣೆದುರಿಗೇ ಕಳೆದಿರುವ ಹೇಂಟೆಯನ್ನು ಈಗ ಮರೆಮಾಡಿ, ಮರಿಗಳು ಅರೆಬೆಳೆದ ಮೇಲೆ ಹೊರಗೆ ಬಿಟ್ಟರೆ, ತಾಯಿಯ ರಕ್ಷಣೆ ಸಡಿಲವಾಗುವ ಹೊತ್ತಿಗೆ ಸರಿಯಾಗಿ ಮರಿಗಳು ಅಪರಿಚಿತರ ನಡುವೆ ಬಿದ್ದಂತಾಗುತ್ತದೆ. ಅದರ ಬದಲು ಮೊದಲ ವಾರದಿಂದಲೇ ತಾಯಿಯ ಬೆನ್ನ ಹಿಂದೆ ಓಡಾಡಿಕೊಂಡು ಬೆಳೆದ ಮರಿಗಳು, ಯಾರ ದಾರಿಗೆ ಅಡ್ಡ ಬರಬಾರದು, ಯಾವಾಗ ಓಡಬೇಕು ಎಂಬುದನ್ನು ತಾವಾಗಿಯೇ ಕಲಿತಿರುತ್ತವೆ. ಬ್ರೂಡರಿನಲ್ಲಿ, ಅಂದರೆ ತಾಯಿಯಿಲ್ಲದೆ ದೀಪದ ಶಾಖದ ಪೆಟ್ಟಿಗೆಯಲ್ಲಿ, ಬೆಳೆದ ಮರಿಗಳನ್ನು ಗುಂಪಿಗೆ ಸೇರಿಸುವಾಗ ಆಗುವ ರಂಪ ಇಲ್ಲಿ ಕಾಣುವುದಿಲ್ಲ.

ಇದಕ್ಕೆ ಎರಡು ಷರತ್ತುಗಳಿವೆ. ಜಾಗ ವಿಶಾಲವಾಗಿರಬೇಕು, ಮತ್ತು ಹೇಂಟೆ ಕೆಚ್ಚಿನದಾಗಿರಬೇಕು. ಮರಿಯ ಹತ್ತಿರ ಬಂದ ಬೇರೆ ಕೋಳಿಯ ಮೇಲೆ ಬಾಲ ಬಿಚ್ಚಿ ಎಗರುವ ಹೇಂಟೆಯಾದರೆ ಯೋಚನೆ ಬೇಡ. ಶ್ರೇಣಿಯ ಕೆಳಗಿರುವ, ಹೆದರಿ ಸರಿಯುವ ಹೇಂಟೆಯಾದರೆ ಬಲೆಯೇ ಸರಿ. ಹುಂಜದ ಬಗ್ಗೆ ಜನ ಅನಗತ್ಯವಾಗಿ ಹೆದರುತ್ತಾರೆ. ತನ್ನ ಗುಂಪಿನ ಮರಿಗಳನ್ನು ಹುಂಜ ಸಾಮಾನ್ಯವಾಗಿ ಸಹಿಸಿಕೊಳ್ಳುತ್ತದೆ, ಆಹಾರ ಕಂಡಾಗ ಕರೆಯುವುದೂ ಉಂಟು. ಕುಕ್ಕಿ ಸಾಯಿಸುವುದು ಹೆಚ್ಚಾಗಿ ಮರಿಯಿಲ್ಲದ ಇತರ ಹೇಂಟೆಗಳು.

ಗುಂಪಿನಲ್ಲೇ ಬಿಡುವುದಾದರೆ ಮರಿಗಳಿಗೆ ಮಾತ್ರ ಹೋಗಲು ಸಾಧ್ಯವಾಗುವ ಒಂದು ಉಣಿಸುವ ಜಾಗ ಮಾಡಬೇಕಾಗುತ್ತದೆ. ಮಗುಚಿಟ್ಟ ಜಾಲರಿ ಪೆಟ್ಟಿಗೆಯ ಒಂದು ಬದಿಯಲ್ಲಿ ಮರಿ ನುಸುಳುವಷ್ಟು ಕಂಡಿ ಬಿಟ್ಟು, ಆಹಾರದ ತಟ್ಟೆಯನ್ನು ದೊಡ್ಡ ಕೋಳಿಯ ಕತ್ತು ತಲುಪದಷ್ಟು ಒಳಗೆ ಇಟ್ಟರೆ ಸಾಕು. ಮಿಕ್ಕ ಕೋಳಿಗಳಿಗೂ ಆ ಕೆಲವು ವಾರಗಳ ಮಟ್ಟಿಗೆ ಲೇಯರ್ ಆಹಾರ ನಿಲ್ಲಿಸಿ ಸ್ಟಾರ್ಟರ್ ಅಥವಾ (ಬೆಳೆಯುವ ಕೋಳಿಗಳಿಗೆ ಕೊಡುವ) ಗ್ರೋವರ್ ಆಹಾರವನ್ನೇ ಕೊಟ್ಟು, ಚಿಪ್ಪಿನ ಚೂರುಗಳನ್ನು ಎತ್ತರದ ಬೇರೆ ತಟ್ಟೆಯಲ್ಲಿ ಇಟ್ಟರೆ ಇನ್ನೂ ಸುಲಭ. ಮೊಟ್ಟೆ ಇಡುವ ಹೇಂಟೆ ತನಗೆ ಬೇಕಾದಷ್ಟು ಕ್ಯಾಲ್ಸಿಯಂ ಅನ್ನು ಅಲ್ಲಿಂದಲೇ ಆಯ್ದುಕೊಳ್ಳುತ್ತದೆ.

ಉತ್ತರ: ಹಳೆಯ ಸಾಕಣೆದಾರ

ತೆರೆದಗೂಡು ಅವರು ಹೇಳಿದ್ದು ಅನುಭವಸ್ಥ ಹೇಂಟೆಗೆ ಸರಿ. ಪ್ರಶ್ನೆ ಕೇಳಿದವರ ಹೇಂಟೆ ಮೊದಲ ಬಾರಿ ತಾಯಿಯಾಗಿದೆಯೋ ಇಲ್ಲವೋ ತಿಳಿಯದು, ಗೂಡಿನ ಅಳತೆಯೂ ತಿಳಿಯದು. ಆದ್ದರಿಂದ ಮೊದಲ ಒಂದು ವಾರ ಬಲೆಯ ಹಿಂದೆ, ಗುಂಪಿಗೆ ಕಾಣುವಂತೆ ಇಟ್ಟು, ಆಮೇಲೆ ನೀವು ಎದುರಿಗಿರುವಾಗ ಸಂಜೆಯ ಒಂದೆರಡು ಗಂಟೆ ಬಾಗಿಲು ತೆರೆಯುವುದು ಎರಡರ ನಡುವಿನ ದಾರಿ. ಅವರ ಉಣಿಸುವ ಪೆಟ್ಟಿಗೆಯ ಉಪಾಯ ಬಲೆಯೊಳಗೂ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ತಾಯಿಯೇ ತಟ್ಟೆಯನ್ನು ಕೆದಕಿ ಉರುಳಿಸುವುದು ದಿನನಿತ್ಯದ ಸಂಗತಿ.

ಮರುಪ್ರಶ್ನೆ: ಹಿತ್ತಿಲಗೂಡು

ಇಬ್ಬರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ಕೆಳಗಿನ ಮೂಲೆಗೆ ಸಾಗಿಸಿದೆವು. ಹೇಂಟೆ ಹೊಸ ಜಾಗವನ್ನು ಒಪ್ಪಿಕೊಂಡು ಮರಿಗಳ ಮೇಲೆ ಕೂತಿದೆ. ಈಗ ಎರಡು ಸಂದೇಹಗಳಿವೆ. ಬೆಳಿಗ್ಗೆ ನೋಡಿದಾಗ ಹೇಂಟೆ ಒಂದು ಮರಿಯ ತಲೆಗೆ ಮೆಲ್ಲಗೆ ಕುಕ್ಕಿದ್ದು ಕಾಣಿಸಿತು, ಇದು ತಿರಸ್ಕಾರವೇ? ಇನ್‌ಕ್ಯುಬೇಟರಿನ ಮರಿಗಳನ್ನು ಇಂದು ರಾತ್ರಿ ತರಬಹುದೆಂದು ಪರಿಚಿತರು ಹೇಳಿದ್ದಾರೆ. ಅವು ಕಪ್ಪು ಬಣ್ಣದವು, ನಮ್ಮವು ಬಹುತೇಕ ಹಳದಿ. ಬಣ್ಣದಿಂದ ತೊಂದರೆಯಾಗುವುದೇ?

ಉತ್ತರ: ಮರಿಗಳಮನೆ

ಕುಕ್ಕುವುದರಲ್ಲಿ ವ್ಯತ್ಯಾಸವಿದೆ. ಮರಿಯ ಕೊಕ್ಕಿನ ಮೇಲೋ ಬೆನ್ನಿನ ಮೇಲೋ ಅಂಟಿದ ಕಾಳನ್ನು ಹೇಂಟೆ ಆಯ್ದು ತೆಗೆಯುತ್ತದೆ, ದೂರ ಅಲೆಯುವ ಮರಿಯನ್ನು ಒಮ್ಮೆ ತಟ್ಟಿ ಎಚ್ಚರಿಸುತ್ತದೆ. ಮರಿ ಚೀರದೆ ಮತ್ತೆ ಅದರ ಕೆಳಗೇ ಹೋದರೆ ಚಿಂತೆಯಿಲ್ಲ. ಅಟ್ಟಿಸಿಕೊಂಡು ಹೋಗಿ ಕುಕ್ಕುವುದು, ತಲೆಯ ಗರಿ ಕಿತ್ತು ರಕ್ತ ಕಾಣಿಸುವುದು, ಒಂದೇ ಮರಿಯನ್ನು ಪ್ರತಿಸಲ ಹೊರದಬ್ಬುವುದು, ಇವು ತಿರಸ್ಕಾರದ ಲಕ್ಷಣಗಳು. ಆಗ ಆ ಮರಿಯನ್ನು ತಡಮಾಡದೆ ಬೇರೆ ತೆಗೆಯಬೇಕು.

ಹೊರಗಿನ ಮರಿಗಳನ್ನು ಒಪ್ಪಿಸುವ ವಿಷಯದಲ್ಲಿ ಕಾಲವೇ ಎಲ್ಲ. ಹೇಂಟೆಗೆ ಎಣಿಕೆ ತಿಳಿಯದು, ಆದರೆ ತನ್ನ ಮರಿಗಳ ದನಿ ಮತ್ತು ರೂಪ ಎರಡು ಮೂರು ದಿನಗಳಲ್ಲಿ ಮನಸ್ಸಿಗೆ ಹಿಡಿಯುತ್ತದೆ. ಮರಿಗಳ ಕಡೆಯಿಂದಲೂ ಹಾಗೆಯೇ: ಹುಟ್ಟಿದ ಮೊದಲ ದಿನಗಳಲ್ಲಿ ಕಂಡು ಕೇಳಿದ್ದನ್ನೇ ಅವು ತಾಯಿಯೆಂದು ತಿಳಿದು ಹಿಂಬಾಲಿಸುತ್ತವೆ. ಒಂದು ವಾರ ದೀಪದ ಕೆಳಗೆ ಬೆಳೆದ ಮರಿಗೆ ಹೇಂಟೆಯ ಲೊಕ್ ಲೊಕ್ ದನಿಯ ಅರ್ಥವೇ ಆಗುವುದಿಲ್ಲ. ಕರೆದರೆ ಬರುವ ಬದಲು ಹೆದರಿ ಓಡುತ್ತದೆ. ನಿಮ್ಮಲ್ಲಿ ಎರಡೂ ಕಡೆಯ ಮರಿಗಳು ಎರಡು ಮೂರು ದಿನದವೇ ಆಗಿರುವುದರಿಂದ ಇಂದು ರಾತ್ರಿಯೇ ಮಾಡಿ, ನಾಳೆಗೆ ತಳ್ಳಬೇಡಿ.

ಪೂರ್ತಿ ಕತ್ತಲಾದ ಮೇಲೆ, ಬೆಚ್ಚಗಿನ ಕೈಯಲ್ಲಿ ಒಂದೊಂದೇ ಮರಿಯನ್ನು ಅಂಗೈಯೊಳಗೆ ಮುಚ್ಚಿಕೊಂಡು, ಹೇಂಟೆಯ ಹಿಂಬದಿಯಿಂದ ಹೊಟ್ಟೆಯ ಕೆಳಗೆ ಜಾರಿಸಿ. ಕುಕ್ಕಿದರೆ ನಿಮ್ಮ ಕೈಯ ಹಿಂಬದಿಗೆ ಬೀಳಲಿ, ಮರಿಗಲ್ಲ. ಎಲ್ಲವನ್ನೂ ಒಟ್ಟಿಗೆ ತುರುಕಬೇಡಿ. ಒಂದನ್ನು ಇಟ್ಟು, ಹೇಂಟೆ ಮೈ ಅಲುಗಿಸಿ ಮತ್ತೆ ತಗ್ಗಿ ಕೂರುವವರೆಗೆ ಕಾದು, ಇನ್ನೊಂದನ್ನು ಇಡಿ. ಬಣ್ಣದಿಂದ ತೊಂದರೆಯಾಗುವ ಸಂಭವ ಇಲ್ಲದಿಲ್ಲ. ಹಳದಿ ಮರಿಗಳನ್ನಷ್ಟೇ ಬೆಳಕಿನಲ್ಲಿ ಕಂಡಿರುವ ಹೇಂಟೆ ಒಂಟಿ ಕಪ್ಪು ಮರಿಯನ್ನು ಅನುಮಾನಿಸಬಹುದು. ಹಾಗಾಗಿ ಮುಂಜಾನೆಯ ಮೊದಲ ಬೆಳಕು ಹರಿಯುವ ಮೊದಲೇ ನೀವು ಅಲ್ಲಿರಬೇಕು. ಒಪ್ಪಿಗೆಯೋ ನಿರಾಕರಣೆಯೋ ಎಂಬುದು ಆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ. ನಿರಾಕರಿಸಿದರೆ ಮರಿಗಳು ಚಳಿಯಲ್ಲಿ ನಿಲ್ಲದಂತೆ ದೀಪದ ಬ್ರೂಡರ್ ಒಂದನ್ನು ಮೊದಲೇ ಸಿದ್ಧವಾಗಿಡಿ. ಅದರಲ್ಲಿ ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್, ಅನಂತರ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತ ಹೋಗಬೇಕು. ಹೇಂಟೆಯ ಕೆಳಗೆ ಈ ಲೆಕ್ಕಾಚಾರವೇ ಬೇಡ. ಅದರ ಮೈಶಾಖ 41 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಚಳಿಯಾದ ಮರಿ ಒಳಗೆ ಹೋಗುತ್ತದೆ, ಸೆಕೆಯಾದದ್ದು ಹೊರಗೆ ಬರುತ್ತದೆ.

ಎಷ್ಟು ಮರಿಗಳನ್ನು ಸೇರಿಸಬಹುದೆಂಬುದಕ್ಕೆ ಹೇಂಟೆಯ ಮೈಯೇ ಅಳತೆ. ಮಧ್ಯಮ ಗಾತ್ರದ ಹೇಂಟೆ ಹತ್ತು ಹನ್ನೆರಡು ಮರಿಗಳನ್ನು ಸಲೀಸಾಗಿ ಮುಚ್ಚುತ್ತದೆ, ಗಿಡ್ಡ ತಳಿಯದು ಅದಕ್ಕಿಂತ ಕಡಿಮೆ. ಈಗ ಹಿಡಿಸುವ ಮರಿಗಳು ಎರಡು ವಾರಗಳ ನಂತರ ಗಾತ್ರದಲ್ಲಿ ಎರಡರಷ್ಟಾಗಿರುತ್ತವೆ, ಮತ್ತು ಆಗಲೂ ಮೈತುಂಬ ಗರಿ ಬಂದಿರುವುದಿಲ್ಲ ಎಂಬುದನ್ನು ನೆನಪಿಟ್ಟುಕೊಂಡು ಎಣಿಕೆ ನಿರ್ಧರಿಸಿ. ರಾತ್ರಿ ಯಾವ ಮರಿಯ ಬೆನ್ನೂ ಗರಿಯ ಹೊರಗೆ ಉಳಿಯಬಾರದು.

ಉತ್ತರ: ಪಶುವೈದ್ಯ

ಆರೋಗ್ಯದ ದೃಷ್ಟಿಯಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ. ಹೊರಗಿನ ಮರಿಗಳನ್ನು ತರುವ ಮುನ್ನ ಆ ಮನೆಯ ಕೋಳಿಗಳಲ್ಲಿ ಇತ್ತೀಚೆಗೆ ಕಾಯಿಲೆ ಬಂದಿತ್ತೇ ಎಂದು ವಿಚಾರಿಸುವುದು ಮೊದಲ ಕರ್ತವ್ಯ. ಒಂದೆರಡು ಮರಿಗಳ ಆಸೆಗೆ ಇಡೀ ಗೂಡನ್ನು ಪಣಕ್ಕಿಡಬಾರದು.

ಹೇಂಟೆಯ ಮೈಯಲ್ಲಿರುವ ಹೇನು ಮತ್ತು ಗೂಡಿನ ಸಂದಿಗಳಲ್ಲಿರುವ ನುಸಿ, ಇವೆರಡೂ ಕಾವಿನ ಕಾಲದಲ್ಲಿ ಮಿತಿಮೀರಿ ಹೆಚ್ಚುತ್ತವೆ, ಏಕೆಂದರೆ ಮೂರು ವಾರ ಹೇಂಟೆ ಧೂಳಿನಲ್ಲಿ ಹೊರಳಾಡುವುದು ತೀರ ಕಡಿಮೆ. ಬಾಲದ ಕೆಳಗಿನ ಗರಿಗಳನ್ನು ಬಿಡಿಸಿ, ಗರಿಯ ಬುಡದಲ್ಲಿ ಬಿಳಿಯ ಗಂಟುಗಳಂತಹ ಸೀರುಗಳಿವೆಯೇ ನೋಡಿ. ತಲೆಹೇನುಗಳು ತಾಯಿಯಿಂದ ಮರಿಗಳ ತಲೆಗೆ ಬೇಗ ಹತ್ತುತ್ತವೆ. ಹಾಗೆ ಹತ್ತಿಸಿಕೊಂಡ ಮರಿಗಳು ರೆಕ್ಕೆ ಜೋತು, ತೂಕಡಿಸಿ, ಕಾರಣ ತಿಳಿಯುವ ಮೊದಲೇ ಸಾಯುತ್ತವೆ. ನುಸಿಯು ಹಗಲು ಹಲಗೆಯ ಬಿರುಕುಗಳಲ್ಲಿ ಅಡಗಿದ್ದು ರಾತ್ರಿ ಹೊರಬಂದು ರಕ್ತ ಹೀರುತ್ತದೆ, ಆದ್ದರಿಂದ ಹಗಲಿನ ಪರೀಕ್ಷೆಯಲ್ಲಿ ಕಾಣುವುದಿಲ್ಲ. ರಾತ್ರಿ ಟಾರ್ಚ್ ಹಿಡಿದು ಹಲಗೆಗಳ ಸಂದಿ ನೋಡಬೇಕು. ಔಷಧದ ಪುಡಿಯನ್ನು ಹಾಕುವುದಿದ್ದರೆ ಮೊಟ್ಟೆ ಒಡೆಯುವುದಕ್ಕೆ ಮೊದಲೇ ಹೇಂಟೆಗೆ ಹಾಕಿರಬೇಕು. ಈಗ ಹೂಮರಿಗಳಿರುವಾಗ ದೊಡ್ಡ ಕೋಳಿಯ ಪ್ರಮಾಣದಲ್ಲಿ ಎರಚಬೇಡಿ. ವೈದ್ಯರನ್ನು ಕೇಳಿಯೇ ಮುಂದುವರಿಯಿರಿ.

ಮೂರರಿಂದ ಆರು ವಾರಗಳ ವಯಸ್ಸಿನಲ್ಲಿ ಮರಿಗಳನ್ನು ಹೆಚ್ಚು ಕಾಡುವುದು ಕಾಕ್ಸಿಡಿಯೋಸಿಸ್, ಅಂದರೆ ರಕ್ತಭೇದಿ. ಇದಕ್ಕೆ ಕಾರಣ ಕರುಳಿನಲ್ಲಿ ಬೆಳೆಯುವ ಐಮೀರಿಯಾ ಎಂಬ ಏಕಕೋಶ ಜೀವಿ. ಹಿಕ್ಕೆಯ ಮೂಲಕ ಹೊರಬಿದ್ದ ಅದರ ಗಟ್ಟಿ ಕವಚದ ಮೊಟ್ಟೆಗಳು ಬೆಚ್ಚಗಿನ ಒದ್ದೆ ಹಾಸಿನಲ್ಲಿ ಒಂದೆರಡು ದಿನಗಳಲ್ಲೇ ಸೋಂಕು ಹರಡುವ ಸ್ಥಿತಿಗೆ ಬರುತ್ತವೆ. ಸಾಮಾನ್ಯ ಕ್ರಿಮಿನಾಶಕಗಳು ಅವುಗಳ ಮೇಲೆ ಕೆಲಸ ಮಾಡುವುದಿಲ್ಲ. ತಾಯಿಯೊಂದಿಗೆ ನೆಲದಲ್ಲಿ ಬೆಳೆಯುವ ಮರಿ ಮೊದಲ ದಿನದಿಂದಲೇ ಅಲ್ಪಸ್ವಲ್ಪ ಸೋಂಕನ್ನು ನುಂಗುತ್ತ ನಿಧಾನವಾಗಿ ಪ್ರತಿರೋಧ ಬೆಳೆಸಿಕೊಳ್ಳುತ್ತದೆ ಎಂಬುದು ನಿಜ, ಮತ್ತು ಇದು ಹೇಂಟೆಯ ಸಾಕಣೆಯಲ್ಲಿರುವ ಒಂದು ಲಾಭವೇ. ಆದರೆ ಹಾಸು ಒದ್ದೆಯಾಗಿದ್ದರೆ ಆ ಅಲ್ಪಸ್ವಲ್ಪ ಒಮ್ಮೆಲೇ ಅತಿಯಾಗುತ್ತದೆ. ಆದ್ದರಿಂದ ನೀರಿನ ಪಾತ್ರೆಯ ಸುತ್ತಲಿನ ಹಾಸನ್ನು ದಿನವೂ ಬದಲಿಸುವುದು ಯಾವ ಔಷಧಕ್ಕಿಂತಲೂ ಮೇಲು. ಪಾತ್ರೆಯನ್ನು ಮರಿಯ ಬೆನ್ನಿನೆತ್ತರಕ್ಕೆ ಇಟ್ಟಿಗೆಯ ಮೇಲೆ ಇಡಿ, ತಾಯಿ ಕೆದಕಿದ ಹಿಕ್ಕೆ ಅದರೊಳಗೆ ಬೀಳುವುದು ತಪ್ಪುತ್ತದೆ. ಮೊದಲ ವಾರ ತಟ್ಟೆ ಆಳವಾಗಿದ್ದರೆ ಬೆಣಚುಕಲ್ಲುಗಳನ್ನು ತುಂಬಿ, ಕಲ್ಲುಗಳ ನಡುವಿನ ನೀರನ್ನಷ್ಟೇ ಮರಿ ಕುಡಿಯುವಂತೆ ಮಾಡಿ. ಇಲ್ಲದಿದ್ದರೆ ಮುಳುಗಿ ಸಾಯುತ್ತವೆ.

ಮರಿಗಳು ಗರಿ ಉಬ್ಬಿಸಿ ಮುದುಡಿ ನಿಂತರೆ, ತಿನ್ನುವುದು ಬಿಟ್ಟರೆ, ಹಿಕ್ಕೆಯಲ್ಲಿ ರಕ್ತ ಕಂಡರೆ ಅದೇ ದಿನ ಚಿಕಿತ್ಸೆ ಆರಂಭವಾಗಬೇಕು. ಸಾಮಾನ್ಯವಾಗಿ ಕೊಡುವುದು ಆಂಪ್ರೋಲಿಯಂ, ಕುಡಿಯುವ ನೀರಿನಲ್ಲಿ ಬೆರೆಸಿ. ಈ ಔಷಧ ಪರಾವಲಂಬಿ ಜೀವಿಗೆ ಥಯಾಮಿನ್ (ಬಿ1 ವಿಟಮಿನ್) ದಕ್ಕದಂತೆ ಮಾಡಿ ಕೆಲಸ ಮಾಡುವುದರಿಂದ, ಚಿಕಿತ್ಸೆ ನಡೆಯುತ್ತಿರುವಾಗ ಬಿ ವಿಟಮಿನ್ ಟಾನಿಕ್ ಕೊಟ್ಟರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಂಡಂತಾಗುತ್ತದೆ. ಸೊರಗಿದ ಮರಿ ಕಂಡ ಕೂಡಲೇ ಟಾನಿಕ್ ಹುಡುಕುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ಈ ಕಾಯಿಲೆಯಲ್ಲಿ ಅದನ್ನು ತಡೆಹಿಡಿಯಬೇಕು.

ಲಸಿಕೆಯನ್ನು ತಾಯಿಯ ಕೆಳಗಿನ ಮರಿಗಳಿಗೆ ಹಾಕುವವರು ಕಡಿಮೆ, ಆದರೆ ಕೋಳಿಗಳ ವೈರಸ್ ಕಾಯಿಲೆಯಾದ ರಾಣಿಖೇತ್ ರೋಗವಿರುವ ಕಡೆಗಳಲ್ಲಿ ಮೊದಲ ವಾರದಲ್ಲೇ ಕಣ್ಣಿಗೋ ಮೂಗಿಗೋ ಒಂದು ಹನಿ ಹಾಕಿಸುವುದು ಕಷ್ಟವೇನಲ್ಲ. ರಾತ್ರಿ ಹೇಂಟೆಯ ಕೆಳಗಿನಿಂದ ಒಂದೊಂದನ್ನೇ ತೆಗೆದು ಹಾಕಿ ಮತ್ತೆ ಒಳಗೆ ಬಿಡಬಹುದು. ಇನ್ನೊಂದು ವೈರಸ್ ಕಾಯಿಲೆಯಾದ ಮ್ಯಾರೆಕ್ಸ್ ರೋಗದ ಲಸಿಕೆಯನ್ನು ಮಾತ್ರ ಹುಟ್ಟಿದ ದಿನವೇ ಕತ್ತಿನ ಚರ್ಮದಡಿ ಚುಚ್ಚಬೇಕು. ಅದು ಸಾಮಾನ್ಯವಾಗಿ ನೂರಾರು ಡೋಸುಗಳ ಸೀಸೆಯಲ್ಲಿ ಬರುವುದರಿಂದ, ಬೆರೆಸಿದ ಸ್ವಲ್ಪ ಹೊತ್ತಿನಲ್ಲೇ ಮುಗಿಸಬೇಕಾದ್ದರಿಂದ, ಮನೆಯ ಸಣ್ಣ ಸಾಕಣೆಗೆ ಹೊಂದುವುದು ಅಪರೂಪ.

ಹಿಂಭಾಗಕ್ಕೆ ಹಿಕ್ಕೆ ಅಂಟಿ ಗಟ್ಟಿಯಾಗಿರುವ ಮರಿ ಕಂಡರೆ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ನೆನೆಸಿ ತೆಗೆಯಿರಿ, ಎಳೆದು ಕೀಳಬೇಡಿ. ಹೊಟ್ಟೆಯ ಕೆಳಗಿರುವ ಹೊಕ್ಕುಳಿನ ಒಣ ಕುರುಹನ್ನು ಇದೇ ಎಂದು ತಪ್ಪು ತಿಳಿದು ಕಿತ್ತುಬಿಡುವವರೂ ಇದ್ದಾರೆ. ಗುದದ್ವಾರ ಬಾಲದ ಬುಡದಲ್ಲಿರುತ್ತದೆ, ಹೊಕ್ಕುಳು ಅದಕ್ಕಿಂತ ಮುಂದೆ, ಕಾಲುಗಳ ನಡುವೆ.

ಮರುಪ್ರಶ್ನೆ: ಹಿತ್ತಿಲಗೂಡು

ವಿವರವಾದ ಉತ್ತರಗಳಿಗಾಗಿ ಎಲ್ಲರಿಗೂ ಕೃತಜ್ಞತೆಗಳು. ಕಪ್ಪು ಮರಿಗಳನ್ನು ಹೇಂಟೆ ಒಪ್ಪಿಕೊಂಡಿದೆ. ಬೆಳಕಾದ ಮೇಲೆ ಒಂದನ್ನು ದಿಟ್ಟಿಸಿ ನೋಡಿತು, ಅಷ್ಟರಲ್ಲಿ ಅದು ತಾನಾಗಿಯೇ ಎದೆಗರಿಯೊಳಗೆ ತಲೆ ತೂರಿಸಿತು, ಅಲ್ಲಿಗೆ ವಿಚಾರಣೆ ಮುಗಿಯಿತು. ಈಗ ಹೇಂಟೆ ಒಂದು ಕಾಳನ್ನು ಕೊಕ್ಕಿನಲ್ಲಿ ಎತ್ತಿ, ಬಿಟ್ಟು, ಮತ್ತೆ ಎತ್ತಿ, ಬೇಗಬೇಗ ಕರೆಯುತ್ತ ಮರಿಗಳಿಗೆ ತೋರಿಸುತ್ತಿದೆ. ಮರಿಗಳಿಗೆ ಕೊಕ್ಕನ್ನು ನೀರಿಗೆ ಅದ್ದಿಸಿ ನಾವು ಕಲಿಸಬೇಕೇ? ಸ್ಟಾರ್ಟರ್ ಜೊತೆಗೆ ಮರಳು ಕೊಡಬೇಕೇ? ಮತ್ತು ತಾಯಿ ಎಷ್ಟು ದಿನ ಇವುಗಳನ್ನು ನೋಡಿಕೊಳ್ಳುತ್ತದೆ?

ಉತ್ತರ: ತೆರೆದಗೂಡು

ಕೊಕ್ಕು ಅದ್ದಿಸುವುದು ತಾಯಿಯಿಲ್ಲದ ಮರಿಗಳಿಗೆ. ಇಲ್ಲಿ ಹೇಂಟೆ ಕುಡಿದದ್ದನ್ನು ನೋಡಿ ಒಂದು ಕುಡಿಯುತ್ತದೆ, ಅದನ್ನು ನೋಡಿ ಉಳಿದವು ಕುಡಿಯುತ್ತವೆ. ಸ್ಟಾರ್ಟರ್ ಪುಡಿಯನ್ನಷ್ಟೇ ತಿನ್ನುವ ಮರಿಗೆ ಮರಳು ಬೇಕಿಲ್ಲ. ಆದರೆ ತಾಯಿ ಕೆದಕಿ ಹುಳು, ಹುಲ್ಲು, ಕಾಳು ತಿನ್ನಿಸತೊಡಗಿದ ಮೇಲೆ ಅದನ್ನು ಅರೆಯಲು ಸಣ್ಣ ಹರಳಿನ ಮರಳು ಬೇಕಾಗುತ್ತದೆ. ಹೊರಗೆ ಮಣ್ಣಿನ ನೆಲವಿದ್ದರೆ ಅವೇ ಆಯ್ದುಕೊಳ್ಳುತ್ತವೆ.

ಹೊರಗೆ ಬಿಡುವಾಗ ಎಚ್ಚರವಿರಬೇಕಾದದ್ದು ಕಾಗೆ, ಗಿಡುಗ ಮತ್ತು ಬೆಕ್ಕಿನ ಬಗ್ಗೆ. ಹೇಂಟೆಯ ಎಚ್ಚರಿಕೆಯ ಕೂಗನ್ನು ಗಮನಿಸಿ ಕೇಳಿ: ಆಕಾಶದಿಂದ ಬರುವ ಶತ್ರುವಿಗೆ ಒಂದು ಬಗೆ, ನೆಲದಲ್ಲಿ ಬರುವುದಕ್ಕೆ ಇನ್ನೊಂದು ಬಗೆ. ಮೊದಲನೆಯದನ್ನು ಕೇಳಿದ ಮರಿಗಳು ಇದ್ದಲ್ಲೇ ಅಡಗಿ ಕಲ್ಲಿನಂತಾಗುತ್ತವೆ. ಆದರೆ ಅಡಗಲು ಪೊದೆಯೋ, ಒರಗಿಸಿಟ್ಟ ಹಲಗೆಯೋ ಇದ್ದರೆ ಮಾತ್ರ ಆ ಕೂಗಿನಿಂದ ಪ್ರಯೋಜನ. ಮಳೆಗೂ ಇದೇ ಮಾತು. ಹೂಮರಿಯ ತುಪ್ಪುಳು ನೀರನ್ನು ತಡೆಯುವುದಿಲ್ಲ, ನೆನೆದ ಮರಿ ಬೇಗ ತಣ್ಣಗಾಗುತ್ತದೆ, ಮತ್ತು ಕೆಲವು ಹೇಂಟೆಗಳು ಮರಿ ನೆನೆಯುತ್ತಿದ್ದರೂ ಕೆದಕುವುದರಲ್ಲೇ ಮುಳುಗಿರುತ್ತವೆ. ಹಾಗಾಗಿ ಹಸಿ ಹವೆಯಲ್ಲಿ ಬಾಗಿಲು ಮುಚ್ಚಿಯೇ ಇರಲಿ.

ತಾಯ್ತನ ಎಷ್ಟು ದಿನವೆಂಬುದು ಹೇಂಟೆಯಿಂದ ಹೇಂಟೆಗೆ ಬೇರೆ. ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರ. ಮರಿಗಳಿಗೆ ಮೈತುಂಬ ಗರಿ ಬರಲು ಐದಾರು ವಾರ ಬೇಕು, ಆದ್ದರಿಂದ ನಾಲ್ಕನೆಯ ವಾರದಲ್ಲೇ ಕೈಬಿಡುವ ಹೇಂಟೆಯಾದರೆ ಚಳಿಯ ರಾತ್ರಿಗಳಲ್ಲಿ ನೀವು ಗಾಳಿ ತಡೆಯುವ ಬೆಚ್ಚನೆಯ ಮೂಲೆಯೊಂದನ್ನು ಕೊಡಬೇಕಾಗುತ್ತದೆ. ಮಸುಕಾಗಿದ್ದ ಜುಟ್ಟು ಮತ್ತೆ ಕೆಂಪೇರುವುದು, ಆಹಾರಕ್ಕೆ ಕರೆಯುವುದನ್ನು ನಿಲ್ಲಿಸುವುದು, ಒಂದು ದಿನ ಮೊಟ್ಟೆ ಪೆಟ್ಟಿಗೆಯ ಕಡೆ ಹೊರಡುವುದು, ಇವು ಸೂಚನೆಗಳು. ಆಮೇಲೆ ತಟ್ಟೆಯ ಬಳಿ ಬಂದ ಮರಿಯನ್ನು ಬೇರೆಯವರ ಮರಿಯಂತೆ ಕುಕ್ಕಿ ಓಡಿಸುತ್ತದೆ. ನೋಡುವವರಿಗೆ ಕ್ರೂರವೆನಿಸಿದರೂ ಮಧ್ಯೆ ಹೋಗಬೇಡಿ. ರಕ್ತ ಬರುವ ಮಟ್ಟಿಗೆ ಅಟ್ಟಿದರೆ ಮಾತ್ರ ಹೇಂಟೆಯನ್ನು ಗುಂಪಿಗೆ ಬಿಟ್ಟು ಮರಿಗಳನ್ನು ಒಟ್ಟಾಗಿ ಅದೇ ಜಾಗದಲ್ಲಿ ಉಳಿಸಿ. ಒಂದೊಂದನ್ನು ಬೇರೆ ಬೇರೆ ಮಾಡಿದರೆ ಹೆಚ್ಚು ಕಂಗಾಲಾಗುತ್ತವೆ.

ಅಷ್ಟರೊಳಗೆ ತಾಯಿ ಅಡ್ಡಕೋಲಿನ ಮೇಲೆ ಮಲಗಲು ಮರಿಗಳನ್ನು ಕರೆಯತೊಡಗಿರುತ್ತದೆ. ಏರಲಾಗದೆ ಕೆಳಗೆ ಉಳಿಯುವ ಮರಿಗಳಿಗಾಗಿ ಕೋಲಿನವರೆಗೆ ಒಂದು ಓರೆ ಹಲಗೆ ಇಟ್ಟು, ಅದರ ಮೇಲೆ ಕಾಲು ಜಾರದಂತೆ ಅಡ್ಡಪಟ್ಟಿ ಬಡಿಯಿರಿ. ಸ್ಟಾರ್ಟರ್ ಆಹಾರವನ್ನು ಎಂಟು ವಾರದವರೆಗೆ ಮುಂದುವರಿಸಿ, ಆಮೇಲೆ ಗ್ರೋವರ್ ಕೊಡಿ. ಹೆಣ್ಣುಮರಿಗಳು 18 ವಾರ ದಾಟಿ ಮೊದಲ ಮೊಟ್ಟೆಗೆ ಸಿದ್ಧವಾಗುವವರೆಗೂ ಲೇಯರ್ ಆಹಾರದ ಚೀಲವನ್ನು ಅವುಗಳಿಗೆ ಬಿಚ್ಚಬೇಡಿ.